ವೇಗದ ಕಾರನ್ನು ನಿಧಾನವಾಗಿ ಓಡಿಸಿ ನೋಡಿ

ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು ನೋಡಲು ಹೋದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಅದನ್ನು ಖಾಲಿ ರಸ್ತೆಗೆ ಒಯ್ದು ಆಕ್ಸಿಲರೇಟರ್ ತುಳಿಯುವುದು. ನೈಸ್ ರಸ್ತೆಯೋ, ವಿಮಾನ ನಿಲ್ದಾಣದ ರಸ್ತೆಯೋ ಸಿಕ್ಕರೆ ಸಾಕು. ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಮುಖ ಅರಳುತ್ತದೆ, ಅಲ್ಲೇ ಅಡ್ವಾನ್ಸ್ ಕೈ ಬದಲಾಗುತ್ತದೆ. ಆದರೆ ಆ ಹತ್ತು ನಿಮಿಷದ ಓಟದಲ್ಲಿ ಕಾರು ತನ್ನ ಬಗ್ಗೆ ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಜೋರಾಗಿ ಓಡುವಾಗ ಗಾಳಿ ರೇಡಿಯೇಟರನ್ನು ತಂಪಾಗಿಡುತ್ತದೆ, ಕ್ಲಚ್ ಪೂರ್ತಿ ಹಿಡಿದಿರುತ್ತದೆ, ಸಸ್ಪೆನ್ಷನ್ನಿನ ಸವೆದ ರಬ್ಬರ್ ಬುಷ್‌ಗಳ ಸದ್ದು ಟೈರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ವೇಗದ ಕಾರಿಗೆ ವೇಗ ಸುಲಭ. ಅದಕ್ಕೆ ಕಷ್ಟವಾಗುವುದು ಗಂಟೆಗೆ 10 ಕಿಲೋಮೀಟರ್.

ದಿನಬಳಕೆಯ ಕಾರು ವರ್ಷವಿಡೀ ಓಡುವುದೂ ಅಲ್ಲೇ. ಬೆಳಿಗ್ಗೆ ಸಿಲ್ಕ್ ಬೋರ್ಡ್, ಸಂಜೆ ಹೆಬ್ಬಾಳ, ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಾಲ್ಕು ನಿಮಿಷ, ಜುಲೈನಲ್ಲಿ ನೀರು ನಿಂತ ಅಂಡರ್‌ಪಾಸ್. ನಂದಿ ಬೆಟ್ಟದ ತಿರುವು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಹಾಗಾಗಿ ಇಂಥ ಕಾರನ್ನು ಆರಿಸುವಾಗ ಅದು ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂಬುದನ್ನು ಬದಿಗಿಟ್ಟು, ನಿಧಾನವಾಗಿ ಕಳೆದ ವರ್ಷಗಳನ್ನು ಅದು ಹೇಗೆ ತಾಳಿಕೊಂಡಿದೆ ಎಂದು ನೋಡಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಕಾರನ್ನು ಮುಂದಿಟ್ಟುಕೊಳ್ಳೋಣ: ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2017ರಲ್ಲಿ ಬಂದ ಆರ್‌ಎಸ್ 230ರಲ್ಲಿ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, 6 ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2020ರ ಆರ್‌ಎಸ್ 245ರಲ್ಲಿ 245 ಪಿಎಸ್, 370 ನ್ಯೂಟನ್ ಮೀಟರ್, 7 ಗೇರು. ಅದು ನಮ್ಮ ದೇಶಕ್ಕೆ ಬಂದದ್ದೇ 200. ಎರಡೂ ಮುಂಚಕ್ರದಿಂದ ಓಡುವ ಕಾರುಗಳು. ಹಿಂದೆ 590 ಲೀಟರ್ ಡಿಕ್ಕಿ, ನಾಲ್ಕು ಜನ ಆರಾಮಾಗಿ ಕೂರುವ ಜಾಗ. ಮಕ್ಕಳನ್ನು ಶಾಲೆಗೆ ಬಿಟ್ಟು, ದಿನಸಿ ತಂದು, ಹಬ್ಬಕ್ಕೆ ಊರಿಗೆ ಹೋಗಿ ಬರುವ ಮನೆಯ ಕಾರೇ ಮನಸ್ಸು ಮಾಡಿದರೆ 7 ಸೆಕೆಂಡಿನೊಳಗೆ ನೂರು ದಾಟುತ್ತದೆ. ದಿನಬಳಕೆಗೆ ವೇಗದ ಕಾರು ಬೇಕು ಎನ್ನುವವರ ಪಟ್ಟಿಯಲ್ಲಿ ಇದು ಮೇಲೆ ನಿಲ್ಲುವುದು ನ್ಯಾಯವೇ. ಹಾಗೆಂದು ಮಾರಾಟಕ್ಕಿರುವ ಪ್ರತಿ ಆರ್‌ಎಸ್ ಒಳ್ಳೆಯ ಕಾರಲ್ಲ.

ಓಡೋಮೀಟರಿನ ಅಂಕಿಗೆ ನಮ್ಮಲ್ಲಿ ಇಲ್ಲದ ಬೆಲೆ. 40,000 ಕಿಲೋಮೀಟರ್ ಓಡಿದ ಕಾರು 80,000 ಓಡಿದ್ದಕ್ಕಿಂತ ಹೊಸದು ಎಂದೇ ಎಲ್ಲರ ಲೆಕ್ಕ. ಎಂಜಿನ್ ಓಡಿದ ಗಂಟೆಗಳನ್ನು ಎಣಿಸಿ ನೋಡಿ. ಬೆಂಗಳೂರಿನೊಳಗೆ ಸರಾಸರಿ 15 ಕಿ.ಮೀ. ವೇಗದಲ್ಲಿ 40,000 ಕಿ.ಮೀ. ಓಡಿದ ಎಂಜಿನ್ ಸುಮಾರು 2,670 ಗಂಟೆ ದುಡಿದಿದೆ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಸರಾಸರಿ 60ರಲ್ಲಿ 80,000 ಓಡಿದ ಎಂಜಿನ್ ದುಡಿದದ್ದು 1,330 ಗಂಟೆ ಮಾತ್ರ, ಅಂದರೆ ಅರ್ಧ. ಗಂಟೆಗಳ ಜೊತೆಗೇ ಗೇರ್ ಬದಲಾದ ಸಲಗಳು, ಬ್ರೇಕ್ ತುಳಿದ ಸಲಗಳು, ರೇಡಿಯೇಟರ್ ಫ್ಯಾನ್ ತಿರುಗಿದ ಹೊತ್ತು ಎಲ್ಲವೂ ಏರುತ್ತವೆ. ಇದನ್ನು ತಿಳಿಯಲು ಒಂದು ಚಿಕ್ಕ ದಾರಿಯಿದೆ. ಸ್ಟೀರಿಂಗ್ ಮೇಲಿನ ಗುಂಡಿ ಒತ್ತುತ್ತ ಹೋದರೆ ಟ್ರಿಪ್ ಕಂಪ್ಯೂಟರಿನ ದೀರ್ಘಾವಧಿ ಲೆಕ್ಕ ಬರುತ್ತದೆ. ಹಿಂದಿನವರು ರೀಸೆಟ್ ಮಾಡಿರದಿದ್ದರೆ ಅಲ್ಲಿ ಹಲವು ಗಂಟೆಗಳ ಓಟದ ಸರಾಸರಿ ವೇಗ, ಸರಾಸರಿ ಮೈಲೇಜ್ ಎರಡೂ ಕಾಣುತ್ತವೆ. 14 ಕಿ.ಮೀ. ವೇಗ, ಲೀಟರ್‌ಗೆ 7 ಎಂದು ತೋರಿಸುವ ಕಾರಿನ ಓನರ್ "ಬರೀ ವೀಕೆಂಡಿಗೆ ತೆಗೀತಿದ್ದೆ ಸಾರ್" ಎಂದರೆ ಆ ಎರಡು ಅಂಕಿಗಳನ್ನೇ ನಂಬಿ.

ಬಹಳ ಕಡಿಮೆ ಓಡಿದ ಕಾರೂ ಅಷ್ಟೇ ಅನುಮಾನಕ್ಕೆ ಅರ್ಹ. ಏಳು ವರ್ಷದಲ್ಲಿ 18,000 ಕಿ.ಮೀ. ಅಂದರೆ ಕಾರು ಹೆಚ್ಚಾಗಿ ನಿಂತೇ ಇತ್ತು. ನಿಂತ ಕಾರಿನ ಟೈರ್ ಗಟ್ಟಿಯಾಗುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ, ಸೀಲುಗಳು ಒಣಗುತ್ತವೆ, ವೈರಿಂಗನ್ನು ಇಲಿ ಕಡಿಯುತ್ತದೆ. ವರ್ಷಕ್ಕೆ ಹತ್ತು–ಹನ್ನೆರಡು ಸಾವಿರ ಓಡಿ, ಪ್ರತಿ ವರ್ಷ ಸರ್ವಿಸ್ ಬಿಲ್ ಇರುವ ಕಾರು ಸಿಕ್ಕರೆ, ಮೇಲಿನ ಪೇಂಟ್ ಸ್ವಲ್ಪ ಗೀಚಿದ್ದರೂ ಅದನ್ನೇ ತೆಗೆದುಕೊಳ್ಳಿ.

ಈಗ ಗೇರ್‌ಬಾಕ್ಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕೆಂದರೆ ದಿನಬಳಕೆಗೆ ಬರುವ ಕಾರು ಯಾವುದು, ಬರದ್ದು ಯಾವುದು ಎಂದು ಮುಕ್ಕಾಲು ಪಾಲು ತೀರ್ಮಾನವಾಗುವುದು ಇಲ್ಲೇ. ಡಿಎಸ್‌ಜಿ ಅಂದರೆ ಎರಡು ಕ್ಲಚ್‌ಗಳಿರುವ ಗೇರ್‌ಬಾಕ್ಸ್. ಒಂದು ಕ್ಲಚ್ ಬೆಸ ಸಂಖ್ಯೆಯ ಗೇರುಗಳಿಗೆ, ಇನ್ನೊಂದು ಸಮ ಸಂಖ್ಯೆಯವಕ್ಕೆ. ಇದರಲ್ಲೂ ಬಗೆಗಳಿವೆ. ಪೋಲೊ ಜಿಟಿ ಟಿಎಸ್‌ಐ 1.2ರಲ್ಲಿ, ಈಗಿನ ಸ್ಲಾವಿಯಾ ಮತ್ತು ವರ್ಟಸ್ 1.5ರಲ್ಲಿ ಇರುವುದು ಡಿಕ್ಯೂ200. ಅದರ ಕ್ಲಚ್ ಒಣ ಕ್ಲಚ್, ತಾಳುವ ಟಾರ್ಕ್ 250 ನ್ಯೂಟನ್ ಮೀಟರಿನವರೆಗೆ. ಆರ್‌ಎಸ್ 230ರಲ್ಲಿರುವ ಡಿಕ್ಯೂ250ರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿವೆ. ಟ್ರಾಫಿಕ್ಕಿನಲ್ಲಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಿರುತ್ತದೆ. ಒಣ ಕ್ಲಚ್‌ನಲ್ಲಿ ಆ ಬಿಸಿಗೆ ಹೋಗಲು ಜಾಗವಿಲ್ಲ. ಎಣ್ಣೆಯ ಕ್ಲಚ್‌ನಲ್ಲಿ ಎಣ್ಣೆ ಅದನ್ನು ಹೊತ್ತೊಯ್ಯುತ್ತದೆ. ನಮ್ಮ ಊರಿನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಎಣ್ಣೆಯ ಕ್ಲಚ್ ಎಣ್ಣೆಯನ್ನೂ ಬೇಡುತ್ತದೆ. ಡಿಕ್ಯೂ250ಕ್ಕೆ ಪ್ರತಿ 60,000 ಕಿಲೋಮೀಟರಿಗೆ ಗೇರ್ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಸುರಿಯುವ ಎಣ್ಣೆ ಐದು ಲೀಟರಿಗಿಂತ ಸ್ವಲ್ಪ ಹೆಚ್ಚು. ಬರೀ ಪೇಟೆಯಲ್ಲಿ ಓಡಿದ ಕಾರಾದರೆ 45,000ಕ್ಕೇ ಮಾಡಿಸುವುದು ಒಳ್ಳೆಯದು. 70,000 ಓಡಿದ ಆರ್‌ಎಸ್ 230 ಎದುರಿಗಿದ್ದು, ಗೇರ್ ಆಯಿಲ್ ಬದಲಿಸಿದ ಬಿಲ್ ಫೈಲಿನಲ್ಲಿ ಇಲ್ಲದಿದ್ದರೆ ಅದು ಬದಲಾಗಿಲ್ಲ ಎಂದೇ ತಿಳಿಯಿರಿ. ಬಾಯಿಮಾತಿನ "ಮಾಡ್ಸಿದೀನಿ"ಗೆ ಇಲ್ಲಿ ಬೆಲೆಯಿಲ್ಲ.

ಪರೀಕ್ಷೆ ಹೀಗೆ. ಕಾರು ಪೂರ್ತಿ ಬಿಸಿಯಾಗುವ ತನಕ, ಎಂದರೆ ಕನಿಷ್ಠ 30 ನಿಮಿಷ, ಎಸಿ ಹಾಕಿಕೊಂಡು ಟ್ರಾಫಿಕ್ಕಿನಲ್ಲೇ ಓಡಿಸಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಬ್ರೇಕಿನಿಂದ ಕಾಲು ತೆಗೆದು, ಆಕ್ಸಿಲರೇಟರ್ ಮುಟ್ಟದೆ ಕಾರು ತಾನಾಗಿ ಹೊರಡಲು ಬಿಡಿ. ಹೊರಡುವಾಗ ನಡುಗಬಾರದು. ಎರಡನೇ ಗೇರಿಗೆ ಏರುವಾಗ, ಮತ್ತೆ ನಿಲ್ಲಲು ಬಂದು ಎರಡರಿಂದ ಒಂದಕ್ಕೆ ಇಳಿಯುವಾಗ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಆಗಬಾರದು. ಇದನ್ನು ಹತ್ತು ಸಲ ಮಾಡಿ. ಸಣ್ಣ ಏರಿನಲ್ಲಿ ರಿವರ್ಸ್ ಹಾಕಿ. ಗೇರ್ ಕೂತು ಕಾರು ಚಲಿಸಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾರಣ ಕೇಳಬೇಕು. ಪಾರ್ಕ್‌ನಲ್ಲಿ ನಿಂತು ಎಂಜಿನ್ ಓಡುವಾಗ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಸದ್ದು ಬಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಡ್ಯುಯಲ್ ಮಾಸ್ ಫ್ಲೈವೀಲ್ ಸವೆದಿರಬಹುದು. ಪರದೆಯಲ್ಲಿ ಗೇರಿನ ಅಕ್ಷರ ಒಮ್ಮೆಯಾದರೂ ಮಿನುಗಿದರೆ ಸ್ಕ್ಯಾನ್ ಮಾಡಿಸದೆ ಮಾತು ಮುಂದುವರಿಸಬೇಡಿ. ಗೇರ್‌ಬಾಕ್ಸನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕ ಕೆಟ್ಟಿದ್ದರೆ ಖರ್ಚು ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆಂದೇ ಇರುವ ವಿಸಿಡಿಎಸ್ ಸ್ಕ್ಯಾನ್ ಉಪಕರಣ ಇಟ್ಟುಕೊಂಡ ಸ್ವತಂತ್ರ ಗ್ಯಾರೇಜುಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಒಂದು ಪೂರ್ತಿ ಸ್ಕ್ಯಾನ್ ಮಾಡಿಸಿ, ಅಳಿಸಿದ ದೋಷದ ಕೋಡ್‌ಗಳು ಅರ್ಧ ಗಂಟೆಯ ಓಟದ ಬಳಿಕ ಮರಳಿ ಬರುತ್ತವೆಯೇ ಎಂದು ಎರಡನೇ ಸಲವೂ ನೋಡಿಸಿ. ಮೊದಲ ಸ್ಕ್ಯಾನ್‌ಗಿಂತ ಎರಡನೆಯದು ಮುಖ್ಯ.

ಈ ದೃಷ್ಟಿಯಿಂದ ನೋಡಿದರೆ ಕ್ಲಚ್ ಬದಲು ಎಣ್ಣೆಯ ಮೂಲಕವೇ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಕಾರುಗಳೇ ನಮ್ಮ ಟ್ರಾಫಿಕ್ಕಿಗೆ ಹೆಚ್ಚು ಸಹಜ ಎನ್ನುವುದು ಪ್ರಾಮಾಣಿಕ ಮಾತು. ಬಜೆಟ್ ಇರುವವರಿಗೆ ಬಿಎಂಡಬ್ಲ್ಯು 330ಐ, ಇನ್ನೂ ಮೇಲೆ ಹೋದರೆ 2021ರಲ್ಲಿ ಬಂದ ಎಂ340ಐ. ಎರಡರಲ್ಲೂ 8 ಗೇರಿನ ಝಡ್‌ಎಫ್ ಆಟೋಮ್ಯಾಟಿಕ್, ತೆವಳುವಾಗ ಬೆಣ್ಣೆ. ಎಂ340ಐ 387 ಪಿಎಸ್‌ನ ಆರು ಸಿಲಿಂಡರಿನ ಕಾರು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುತ್ತದೆ, ಮಳೆಗಾಲಕ್ಕೂ ಒಳ್ಳೆಯದು. ಆದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ಹಾಕಿಕೊಂಡು ಸ್ಟೆಪ್ನಿ ಇಲ್ಲದೆ ಬರುವ ಕಾರುಗಳನ್ನು ಚಿತ್ರದುರ್ಗದಾಚೆ ರಾತ್ರಿ ಹೊತ್ತು ಓಡಿಸುವವರು ಒಮ್ಮೆ ಯೋಚಿಸಬೇಕು. ಗುಂಡಿಗೆ ಬಿದ್ದು ಟೈರಿನ ಪಕ್ಕ ಸೀಳಿದರೆ ಪಂಕ್ಚರ್ ಅಂಗಡಿಯವನು ಏನೂ ಮಾಡಲಾರ. ಕಡಿಮೆ ದುಡ್ಡಿಗೆ ಮಜಾ ಬೇಕೆನ್ನುವವರು 145 ಪಿಎಸ್‌ನ ಅಬಾರ್ತ್ ಪುಂಟೊ ಹುಡುಕುತ್ತಾರೆ. ಮ್ಯಾನುಯಲ್ ಗೇರು, ಗಟ್ಟಿ ಬಾಡಿ, ಕೂತವರಿಗೆ ಪ್ರೀತಿ ಹುಟ್ಟಿಸುವ ಸ್ಟೀರಿಂಗ್. ಆದರೆ ಫಿಯೆಟ್ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾದವು. ಒಂದು ಬಿಡಿಭಾಗಕ್ಕೆ ಮೂರು ವಾರ ಕಾಯಬಲ್ಲವರು, ಮನೆಯಲ್ಲಿ ಇನ್ನೊಂದು ಗಾಡಿ ಇರುವವರು ಮಾತ್ರ ಅದಕ್ಕೆ ಕೈ ಹಾಕಲಿ. ಒಂದೇ ಕಾರಿನಲ್ಲಿ ವರ್ಷ ಕಳೆಯಬೇಕಾದವರಿಗೆ ಅದು ಬೇಡ.

ಮತ್ತೆ ಆರ್‌ಎಸ್‌ಗೆ ಬರೋಣ. ಎಂಜಿನ್ ನೋಡಲು ಬೆಳಿಗ್ಗೆ ಏಳಕ್ಕೆ ಹೋಗಿ. "ಬರ್ತಾ ಇದೀನಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ" ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದರೆ ಬಾನೆಟ್ ತೆರೆದು, ಟಾರ್ಚ್ ಹಿಡಿದು, ಮುಂದೆ ಕಾಣುವ ಪ್ಲಾಸ್ಟಿಕ್ ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಗೇರ್‌ಬಾಕ್ಸ್ ಇರುವ ಕಡೆಗೆ ಬಗ್ಗಿ ನೋಡಿ. ಅಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿವೆ. ಈ ಪೀಳಿಗೆಯ ಎಂಜಿನ್ನಿನ ಹೆಸರಾಂತ ದೌರ್ಬಲ್ಯ ಅದು. ಬಿಸಿ–ತಂಪು ಬಿಸಿ–ತಂಪು ಆಗಿ ಗೂಡು ಸೊಟ್ಟಗಾಗುತ್ತದೆ, ಸೀಲು ಬಿಡುತ್ತದೆ, ಕೂಲಂಟ್ ಹನಿಹನಿಯಾಗಿ ಗೇರ್‌ಬಾಕ್ಸಿನ ಮೇಲೆ ಇಳಿಯುತ್ತದೆ. ನೀರು ಆವಿಯಾಗಿ ಹೋಗಿ ಉಳಿಯುವುದು ಗುಲಾಬಿ ಬಣ್ಣದ ಪುಡಿ, ಒಣಗಿದ ಉಪ್ಪಿನಂತೆ ಅಂಟಿಕೊಂಡದ್ದು. ಬೆರಳಿಗೆ ಸಿಕ್ಕರೆ ಸೋರುತ್ತಿದೆ ಎಂದರ್ಥ. ಸಣ್ಣ ಸೋರಿಕೆಯ ಕಾರಿನಲ್ಲಿ ಕೂಲಂಟ್ ಡಬ್ಬಿ ನೋಡಿದರೆ ತಿಳಿಯುವುದಿಲ್ಲ, ಏಕೆಂದರೆ ತೋರಿಸುವ ಮುನ್ನ ತುಂಬಿಸಿಟ್ಟಿರುತ್ತಾರೆ. ಪುಡಿಯನ್ನು ಒರೆಸುವುದು ಅಷ್ಟು ಸುಲಭವಲ್ಲ. ಇದು ಕಾರನ್ನು ಬಿಟ್ಟುಬರಲು ಕಾರಣವಲ್ಲ. ಬೆಲೆಯಲ್ಲಿ ಹಿಡಿದುಕೊಳ್ಳಲು, ಕೊಂಡ ಮೊದಲ ವಾರವೇ ಬದಲಿಸಲು ಕಾರಣ.

ಆಮೇಲೆ ಸ್ಟಾರ್ಟ್. ಮೊದಲ ಎರಡು ಮೂರು ಸೆಕೆಂಡು ಸರಪಳಿ ಎಳೆದಂಥ ಸದ್ದು ಬಂದರೆ ಟೈಮಿಂಗ್ ಚೈನ್ ಮತ್ತು ಟೆನ್ಶನರ್ ಕಡೆ ಗಮನ ಕೊಡಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರಬಾರದು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ನೋಡಿ: ಜೋರಾಗಿ ಒಳಕ್ಕೆ ಎಳೆದುಕೊಂಡು, ಸಿಳ್ಳೆಯಂಥ ಸದ್ದು ಬಂದರೆ ಎಂಜಿನ್ನಿನೊಳಗಿನ ಆವಿಯನ್ನು ಸಾಗಿಸುವ ಪಿಸಿವಿ ವಾಲ್ವಿನ ರಬ್ಬರ್ ಹರಿದಿದೆ. ರಬ್ಬರು, ಪ್ಲಾಸ್ಟಿಕ್ಕು ಹೀಗೆ ಕೆಡುವುದು ಹೆಚ್ಚಾಗಿ ಬಿಸಿಯ ಪರಿಣಾಮ. ಹೆದ್ದಾರಿಯಲ್ಲಿ ಓಡಿದ ಕಾರಿಗೆ ಇದೇ ಭಾಗಗಳು ಹೆಚ್ಚು ಕಾಲ ಬರುತ್ತವೆ. ಪೇಟೆಯಲ್ಲಿ ಗಾಳಿಯಿಲ್ಲದೆ, ಟರ್ಬೊ ಬಿಸಿಯನ್ನು ಬಾನೆಟ್ ಅಡಿಯಲ್ಲೇ ಕಟ್ಟಿಕೊಂಡು ನಿಂತ ಕಾರಿನ ರಬ್ಬರು, ಪ್ಲಾಸ್ಟಿಕ್ಕು ಬೇಗ ಮುದಿಯಾಗುತ್ತವೆ.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ಮಾತ್ರ ನಂಬಬೇಡಿ. ಈ ಕಾರುಗಳಲ್ಲಿ ಕೂಲಂಟ್ 75ರಲ್ಲಿರಲಿ 105ರಲ್ಲಿರಲಿ, ಮುಳ್ಳು 90ರಲ್ಲೇ ನಿಂತಿರುವಂತೆ ಮಾಡಿರುತ್ತಾರೆ, ಓಡಿಸುವವರು ಗಾಬರಿಯಾಗದಿರಲಿ ಎಂದು. ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ ಬ್ಲೂಟೂತ್ ಓಬಿಡಿ ರೀಡರನ್ನು, ಎಂದರೆ ಕಾರಿನ ಕಂಪ್ಯೂಟರಿನ ಅಂಕಿ ಓದುವ ಚಿಕ್ಕ ಸಾಧನವನ್ನು, ಸಿಕ್ಕಿಸಿಕೊಂಡರೆ ಮೊಬೈಲಿನಲ್ಲಿ ನಿಜವಾದ ಅಂಕಿ ಕಾಣುತ್ತದೆ. ಟ್ರಾಫಿಕ್ಕಿನಲ್ಲಿ 105 ದಾಟಿ ಏರುತ್ತಲೇ ಹೋದರೆ ಫ್ಯಾನ್, ಥರ್ಮೋಸ್ಟಾಟ್, ರೇಡಿಯೇಟರ್ ಮೂರನ್ನೂ ನೋಡಿಸಬೇಕು. ಕೊಂಡ ನಂತರವೂ ಆ ರೀಡರ್ ಕಾರಿನಲ್ಲೇ ಇರಲಿ.

ಎಂಜಿನ್ ಆಯಿಲ್ ವಿಷಯ ಚುಟುಕಾಗಿ: ಹಿಡಿಯುವುದು ಸುಮಾರು 5.7 ಲೀಟರ್, ಕಂಪನಿ ಹೇಳುವ ಅಂತರ 15,000 ಕಿ.ಮೀ. ಅಥವಾ ಒಂದು ವರ್ಷ. ಗಂಟೆಗಳ ಲೆಕ್ಕ ಮೇಲೆ ನೋಡಿದ್ದೇವಲ್ಲ, ಪೇಟೆಯ ಕಾರಿಗೆ 7,500ಕ್ಕೇ ಬದಲಿಸಿ. ಸ್ಪಾರ್ಕ್ ಪ್ಲಗ್ 60,000ಕ್ಕೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಇಂಧನವನ್ನು ಸಿಲಿಂಡರಿಗೇ ನೇರವಾಗಿ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇಂಟೇಕ್ ವಾಲ್ವುಗಳನ್ನು ಪೆಟ್ರೋಲ್ ತೊಳೆಯುವುದಿಲ್ಲ, ಹಾಗಾಗಿ ಅಲ್ಲಿ ಮಸಿ ಕಟ್ಟುತ್ತದೆ. ತಣ್ಣಗಿರುವಾಗ ಎಂಜಿನ್ ಕುಂಟುವುದು ಅದರ ಲಕ್ಷಣ. ಅಕ್ರೂಟಿನ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಿಂದ ಹೊಡೆದು ಅದನ್ನು ತೆಗೆಯುತ್ತಾರೆ.

ಪೆಟ್ರೋಲ್ ಬಗ್ಗೆ ಈಗ ಎಲ್ಲರ ಬಾಯಲ್ಲೂ ಇ20, ಎಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗೆ ಮುಂಚಿನ ಕಾರುಗಳು ಹೆಚ್ಚಾಗಿ ಶೇ. 10ರ ಎಥನಾಲಿಗೆ ಹೊಂದಿಸಿದವು. ಎಥನಾಲಿನ ಆಕ್ಟೇನ್ ಹೆಚ್ಚು, ಅದು ಟರ್ಬೊ ಎಂಜಿನ್ನಿಗೆ ಒಳ್ಳೆಯದೇ. ಆದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ, ಮೈಲೇಜ್ ಇಳಿಯುತ್ತದೆ. ಜೊತೆಗೆ ಅದು ತೇವ ಹೀರುತ್ತದೆ. ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಟ್ಟ ಕಾರಿಗೇ ಇದರಿಂದ ತೊಂದರೆ ಹೆಚ್ಚು. ದಿನಾ ಓಡಿ, ವಾರಕ್ಕೊಮ್ಮೆ ಟ್ಯಾಂಕ್ ತುಂಬುವ ಕಾರು ಈ ವಿಷಯದಲ್ಲಿ ಕ್ಷೇಮ. ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿ ಓದಿ, ಹಳೆಯ ಕಾರಿನಲ್ಲಿ ಫ್ಯುಯಲ್ ಹೋಸ್‌ಗಳು ಬಿರುಕು ಬಿಟ್ಟಿವೆಯೇ ನೋಡಿಸಿ.

ಇನ್ನು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ದುಂಡು. ಆಕ್ಟೇವಿಯಾದ ಮುಂಚಕ್ರದಿಂದ ಹಿಂಚಕ್ರಕ್ಕೆ ಸುಮಾರು 2.68 ಮೀಟರ್. ಎಂದರೆ ಸರಿಯಾದ ಹಂಪ್ ಮೇಲೆ ಇಡೀ ಕಾರೇ ಏರುತ್ತದೆ. ನಾಲ್ಕೂ ಚಕ್ರ ಮೇಲಿದ್ದಾಗ ಹೊಟ್ಟೆಯ ಕೆಳಗೆ ಉಬ್ಬು ಬರುವುದು 5 ಸೆಂಟಿಮೀಟರಿನಷ್ಟೇ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್ ಹಾಗಲ್ಲ: ಒಂದು ಮೀಟರ್ ಅಗಲ, ಅಷ್ಟೇ ಅಥವಾ ಇನ್ನೂ ಹೆಚ್ಚಿನ ಎತ್ತರ. ಚಕ್ರಗಳು ಆಚೆ ಈಚೆ ಇಳಿದಿರುತ್ತವೆ, ಉಬ್ಬು ಪೂರ್ತಿಯಾಗಿ ಹೊಟ್ಟೆಗೆ ತಾಗುತ್ತದೆ. ಆರ್‌ಎಸ್ ಸಾಮಾನ್ಯ ಆಕ್ಟೇವಿಯಾಕ್ಕಿಂತ ತಗ್ಗು. ಐದು ಜನ ಕೂತು, ಡಿಕ್ಕಿ ತುಂಬಿದರೆ ಇನ್ನೂ ಇಳಿಯುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸುತ್ತ ದಾಟುವ ಅಭ್ಯಾಸ ಬೇಕು.

ಕೊಳ್ಳುವವರಿಗೆ ಇದರಿಂದ ಸಿಗುವ ಪಾಠ: ಕಾರನ್ನು ರ‍್ಯಾಂಪ್ ಮೇಲೆ ಏರಿಸಿ ಕೆಳಗಿನಿಂದ ನೋಡದೆ ಕೊಳ್ಳಬೇಡಿ. ಅಡಿಯ ಪ್ಲಾಸ್ಟಿಕ್ ಕವಚ ಒಡೆದು ಟೈ ಹಾಕಿ ಕಟ್ಟಿರುವುದು, ಆಯಿಲ್ ಸಂಪ್ ಮೇಲಿನ ಹೊಡೆತ, ಜಜ್ಜಿದ ಸೈಲೆನ್ಸರ್ ಪೈಪ್, ಎಣ್ಣೆ ಕಾರಿ ಒದ್ದೆಯಾದ ಶಾಕ್ ಅಬ್ಸಾರ್ಬರ್ ಎಲ್ಲ ಅಲ್ಲಿ ಕಣ್ಣೆದುರು ಬರುತ್ತವೆ. ಮೇಲೆ ಸೆರಾಮಿಕ್ ಕೋಟಿಂಗ್ ಹೊಳೆಯುತ್ತಿದ್ದರೂ ಕೆಳಗೆ ಕಾರು ತನ್ನ ಪೂರ್ತಿ ಚರಿತ್ರೆ ಬರೆದಿಟ್ಟಿರುತ್ತದೆ. ಕರಾವಳಿಯಲ್ಲಿದ್ದ ಕಾರಾದರೆ ಬ್ರೇಕ್ ಪೈಪು, ಬೋಲ್ಟು, ಸಬ್‌ಫ್ರೇಮಿನ ಅಂಚುಗಳಲ್ಲಿ ತುಕ್ಕು ಹುಡುಕಿ. ಉಡುಪಿ, ಮಂಗಳೂರಿನ ಉಪ್ಪುಗಾಳಿ ಬಣ್ಣಕ್ಕಿಂತ ಮೊದಲು ತಿನ್ನುವುದು ಅವನ್ನೇ. ರ‍್ಯಾಂಪಿಗೆ ಹೋಗುವ ಮುನ್ನ, ಸ್ಟೀರಿಯೊ ಆಫ್ ಮಾಡಿ, ಕಿಟಕಿ ಇಳಿಸಿ, ಒಡೆದ ರಸ್ತೆಯಲ್ಲಿ 10–15ರ ವೇಗದಲ್ಲಿ ಹೋಗಿ. "ಟಕ್ ಟಕ್" ಎಂದು ಒಣ ಸದ್ದು ಬಂದರೆ ಲಿಂಕ್ ರಾಡ್. ಬ್ರೇಕ್ ಹಿಡಿದಾಗ "ದಡ್" ಎಂದರೆ ಲೋವರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕಿರ್ ಎಂದರೆ ಸ್ಟ್ರಟ್ ಮೌಂಟ್ ಬೇರಿಂಗ್. ಮೂರೂ ಸರಿಮಾಡಬಹುದಾದವೇ. ಲೆಕ್ಕಕ್ಕೆ ಬರೆದುಕೊಳ್ಳಿ.

ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರಿನ ಹಲ್ಲು ಎಷ್ಟೇ ಇರಲಿ, ಒದ್ದೆ ರಸ್ತೆಯಲ್ಲಿ 230 ಪಿಎಸ್ ಅನ್ನು ಅದು ಹಿಡಿಯಲಾರದು. ಕಾನೂನಿನ ಕನಿಷ್ಠ ಆಳ 1.6 ಮಿಲಿಮೀಟರ್, ಮುಂಚಕ್ರದಿಂದ ಓಡುವ ಇಂಥ ಕಾರಿಗೆ ಮುಂಗಾರಿನ ಮುನ್ನ 3 ಮಿಲಿಮೀಟರಿಗೇ ಬದಲಿಸುವುದು ಜಾಣತನ. ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಟೈರ್ ಇದ್ದರೆ ಹಿಂದಿನ ಮಾಲೀಕರು ಕಾಣದ ಜಾಗಗಳಲ್ಲೂ ಹಾಗೇ ಉಳಿಸಿದ್ದಾರೆ ಎಂದು ಊಹಿಸಬಹುದು. 225/40 ಆರ್18 ಟೈರಿನ ಪಕ್ಕದ ಎತ್ತರ ಬರೀ 90 ಮಿಲಿಮೀಟರ್. ಅದೇ 225/45 ಆರ್17 ಆದರೆ 101. ಹೊರಗಿನ ಒಟ್ಟು ಸುತ್ತಳತೆ ಹೆಚ್ಚುಕಡಿಮೆ ಒಂದೇ. ಬ್ರೇಕ್ ಕ್ಯಾಲಿಪರ್‌ಗೆ ತಾಗದ 17 ಇಂಚಿನ ಅಲಾಯ್ ಸಿಕ್ಕರೆ ಪೇಟೆಯ ದಿನಗಳಿಗೆ ಅದನ್ನೇ ಹಾಕುವುದು ಮೇಲು. ನೋಟ ಸ್ವಲ್ಪ ಸಪ್ಪೆಯಾಗುತ್ತದೆ, ಆದರೆ ಗುಂಡಿಗೆ ಬಿದ್ದಾಗ ಆ ಹನ್ನೊಂದು ಮಿಲಿಮೀಟರ್ ರಬ್ಬರ್ ಅಲಾಯನ್ನು ಉಳಿಸುತ್ತದೆ.

ಮಳೆಯ ಮಾತು ಬಂತಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಎಷ್ಟೋ ದುಬಾರಿ ಕಾರುಗಳು ಮುಳುಗಿದವು. 2015 ಮತ್ತು 2023ರಲ್ಲಿ ಚೆನ್ನೈಯಲ್ಲೂ ಅದೇ ಕಥೆ. ಅಂಥ ಕಾರು ತೊಳೆದು ಒಣಗಿಸಿಕೊಂಡು ಮಾರುಕಟ್ಟೆಗೆ ಬಂದರೆ ಹೊರಗಿನಿಂದ ಗುರುತು ಹತ್ತುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾರೂ ತೊಳೆಯದ ಆ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು, ಕಾರ್ಪೆಟ್ ಅಡಿಯ ವೈರ್ ಕನೆಕ್ಟರ್‌ಗಳಲ್ಲಿ ಹಸಿರುಗಟ್ಟಿದ ತಾಮ್ರ ನೋಡಿ. ಒಂದು ಗುರುತು ಸಿಕ್ಕರೂ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಇಂಥ ಕಾರಿನಲ್ಲಿ ಹತ್ತಾರು ಕಂಟ್ರೋಲ್ ಯೂನಿಟ್‌ಗಳಿವೆ. ನೀರು ಕುಡಿದ ಒಂದೊಂದೂ ಒಂದೊಂದು ತಿಂಗಳು ಕೈಕೊಡುತ್ತದೆ. ಇನ್ನು ನಿಮ್ಮದಾದ ಮೇಲೆ, ನಿಂತ ನೀರು ಚಕ್ರದ ಅರ್ಧಕ್ಕೆ ಬರುವಂತಿದ್ದರೆ ಇಳಿಯಬೇಡಿ. ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಗುಂಡಿ ಒತ್ತಲೇಬೇಡಿ. ಸಿಲಿಂಡರಿನೊಳಗೆ ಹೋದ ನೀರನ್ನು ಪಿಸ್ಟನ್ ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಹಾಗೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ಸಾಮಾನ್ಯ ಪಾಲಿಸಿ ಕಟ್ಟಿಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಆಡ್‌ಆನ್ ಇಂಥ ಕಾರಿಗೆ ಬೇಕೇ ಬೇಕು.

ಇಂಥ ಕಾರುಗಳಲ್ಲಿ ರೀಮ್ಯಾಪ್ ಬಹಳ ಸಾಮಾನ್ಯ. ಸಾಫ್ಟ್‌ವೇರ್ ಬದಲಿಸಿ ಐವತ್ತು ಅರವತ್ತು ಪಿಎಸ್ ಏರಿಸಿರುತ್ತಾರೆ, ಮಾರುವಾಗ ಹಳೆಯದನ್ನೇ ಹಾಕಿ ಕೊಡುತ್ತಾರೆ. ಅಧಿಕೃತ ಸರ್ವಿಸ್ ಸೆಂಟರಿನ ವ್ಯವಸ್ಥೆಯಲ್ಲಿ ಟಿಡಿ1 ಎಂಬ ಗುರುತು ಬಿದ್ದಿದ್ದರೆ ಎಂಜಿನ್ ಸಾಫ್ಟ್‌ವೇರನ್ನು ಯಾರೋ ಮುಟ್ಟಿದ್ದಾರೆ ಎಂದೇ ಅರ್ಥ. ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂಗಳು, ಡೌನ್‌ಪೈಪಿನ ಕ್ಲಾಂಪು ಬಿಚ್ಚಿದ ಗುರುತು ಹೊತ್ತಿದ್ದರೆ ಅದೂ ಹೇಳುತ್ತದೆ. ರೀಮ್ಯಾಪ್ ಆದ ಕಾರೆಲ್ಲ ಕೆಟ್ಟದ್ದಲ್ಲ, ಆದರೆ ಮುಚ್ಚಿಟ್ಟದ್ದು ಕೆಟ್ಟದ್ದು. ಹೇಳಿಕೊಂಡವರ ಬಳಿ ಗೇರ್ ಆಯಿಲ್ ಬೇಗ ಬದಲಿಸಿದ, ಪ್ಲಗ್ ಬೇಗ ಬದಲಿಸಿದ ಬಿಲ್‌ಗಳೂ ಇರುತ್ತವೆ. ವಿಮೆ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ಕಾಲಿಗೆ ತೊಡರುತ್ತದೆ ಎಂಬುದು ನೆನಪಿರಲಿ.

ಕಾಗದಪತ್ರ ಎಂದರೆ ಆರ್‌ಸಿ ಹೆಸರು ಬದಲಿಸುವುದಷ್ಟೇ ಅಲ್ಲ. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಭಾರಿ: 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಶೇ. 18, ಅದರ ಮೇಲೆ ಸೆಸ್. ಅದಕ್ಕೇ ಪುದುಚೇರಿ ನಂಬರಿನ, ದೆಹಲಿ ನಂಬರಿನ ಕಾರು ಎರಡು ಮೂರು ಲಕ್ಷ ಅಗ್ಗವಾಗಿ ಕಾಣುವುದು. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವ ಕಾರನ್ನು ಇಲ್ಲೇ ಮರುನೋಂದಣಿ ಮಾಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹೊರರಾಜ್ಯ ನೋಂದಣಿಯ ಐಷಾರಾಮಿ ಕಾರುಗಳನ್ನು ರಸ್ತೆಯಲ್ಲೇ ಹಿಡಿದು ತೆರಿಗೆ ಕಟ್ಟಿಸಿಕೊಂಡರು. ಹಾಗಾಗಿ ಹೊರಗಿನ ಕಾರಾದರೆ ಮೂಲ ಆರ್‌ಟಿಒದ ಎನ್‌ಒಸಿ, ಎಂದರೆ ಫಾರಂ 28, ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಕಾರಿನ ವಯಸ್ಸಿನ ಪ್ರಕಾರ ಇಲ್ಲಿ ಎಷ್ಟು ತೆರಿಗೆ ಬೀಳುತ್ತದೆ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿ, ಅದನ್ನು ಕಾರಿನ ಬೆಲೆಗೆ ಕೂಡಿಸಿ, ಆಮೇಲೆ ಇಲ್ಲಿಯ ಕೆಎ ನಂಬರಿನ ಕಾರಿನೊಂದಿಗೆ ಹೋಲಿಸಿ. ಅಗ್ಗ ಎನಿಸಿದ್ದು ಬಹಳ ಸಲ ಅಲ್ಲಿಗೇ ಕರಗುತ್ತದೆ. ಸಾಲ ತೀರಿದ್ದರೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ; ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದಕ್ಕೆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ದುಡ್ಡಿನ ಲೆಕ್ಕವನ್ನು ಹೀಗೆ ಹಾಕಿಕೊಳ್ಳಿ. ಕೈಯಲ್ಲಿರುವ ಮೊತ್ತದ ಶೇ. 80ರಲ್ಲಿ ಕಾರು ಮುಗಿಯಬೇಕು. ಉಳಿದದ್ದು ಮೊದಲ ವರ್ಷಕ್ಕೆ: ನಾಲ್ಕು ಟೈರ್, ವಾಟರ್ ಪಂಪ್, ಗೇರ್ ಆಯಿಲ್, ಬ್ಯಾಟರಿ, ಬುಷ್‌ಗಳು, ಬ್ರೇಕ್ ಪ್ಯಾಡ್. ಇವೆಲ್ಲ ಒಟ್ಟಿಗೇ ಬರಲಿಕ್ಕಿಲ್ಲ, ಆದರೆ ಮೂರಂತೂ ಬರುತ್ತವೆ. ತಿಂಗಳಿಗೆ 1,000 ಕಿ.ಮೀ., ಪೇಟೆಯಲ್ಲಿ ಲೀಟರ್‌ಗೆ 8 ಎಂದರೆ 125 ಲೀಟರ್. ಲೀಟರ್‌ಗೆ ನೂರು ರೂಪಾಯಿ ಎಂದುಕೊಂಡರೂ ಪೆಟ್ರೋಲಿಗೇ 12,500. ಈ ಅಂಕಿ ನೋಡಿ ಮನಸ್ಸು ಹಿಂಜರಿದರೆ 110 ಪಿಎಸ್‌ನ, ಟಾರ್ಕ್ ಕನ್ವರ್ಟರ್ ಇರುವ ಪೋಲೊ ಜಿಟಿ 1.0 ಕೂಡ ಪೇಟೆಯಲ್ಲಿ ಕೊಡುವ ಸುಖ ಕಡಿಮೆಯೇನಲ್ಲ. ಸಾಲದಲ್ಲಿ ಕೊಂಡು ರಿಪೇರಿಗೂ ಸಾಲ ಮಾಡಿ ಆರ್‌ಎಸ್ ಇಟ್ಟುಕೊಂಡವರ ಕಾರುಗಳೇ ಎರಡು ವರ್ಷದ ಬಳಿಕ ಗೇರ್ ಆಯಿಲ್ ಬಿಲ್ ಇಲ್ಲದೆ ಮತ್ತೆ ಮಾರುಕಟ್ಟೆಗೆ ಬರುವುದು.

ಎಲ್ಲ ಸರಿಯಿದೆ, ಬೆಲೆಯೂ ಕುದುರಿತು ಎಂದಾಗ ಅಡ್ವಾನ್ಸ್ ಕೊಡುವ ಮುನ್ನ ಒಂದು ಕೆಲಸ ಉಳಿದಿರುತ್ತದೆ. ಮಾರುವವರನ್ನು ಒಪ್ಪಿಸಿ ಕಾರನ್ನು ನಿಮ್ಮ ಮನೆಗೇ ತರಿಸಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟಿನ ರ‍್ಯಾಂಪ್ ಇಳಿಸಿ, ಸ್ವಂತ ಮನೆಯಾದರೆ ಮೋರಿಯ ಮೇಲಿನ ಕಲ್ಲುಚಪ್ಪಡಿ ದಾಟಿಸಿ ಗೇಟಿನೊಳಗೆ ತನ್ನಿ. ಮನೆಯವರನ್ನೆಲ್ಲ ಕೂರಿಸಿಕೊಂಡೇ ಮಾಡಿ. ರ‍್ಯಾಂಪ್ ಮುಗಿದು ನೆಲ ಸಮವಾಗುವ ಆ ಮಡಿಕೆಯಲ್ಲಿ ಮುಂಬಂಪರ್ ತಾಗುತ್ತದೆಯೇ, ಮೇಲೆ ಹತ್ತಿ ಬರುವಾಗ ತುದಿಯಲ್ಲಿ ಹೊಟ್ಟೆ ಉಜ್ಜುತ್ತದೆಯೇ ಎಂದು ಒಬ್ಬರು ಹೊರಗೆ ಬಗ್ಗಿ ನೋಡಲಿ. ಅರ್ಧ ರ‍್ಯಾಂಪಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ. ಗೇರ್‌ಬಾಕ್ಸ್ ನಡುಗದೆ ಎಳೆಯಬೇಕು. ಈ ಐದು ಕಿಲೋಮೀಟರ್ ವೇಗದ ಏರಿಳಿತವನ್ನು ಕಾರು ದಿನಕ್ಕೆ ಎರಡು ಸಲವಾದರೂ ಮಾಡಬೇಕಾಗುತ್ತದೆ, ಮಳೆಯಿರಲಿ ಬಿಸಿಲಿರಲಿ. ಬಂಪರ್ ತಾಗಿದರೆ ಆ ಕಾರು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮನೆಗಲ್ಲ. ಥ್ಯಾಂಕ್ಸ್ ಹೇಳಿ, ಅವರ ಪೆಟ್ರೋಲಿನ ಖರ್ಚು ಕೊಟ್ಟು, ಮುಂದಿನ ಕಾರು ನೋಡಿ.